ರಸ್ತೆಯ ಹೆಸರು ಬದಲಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ರಸ್ತೆಗೆ, ವೃತ್ತಕ್ಕೆ ತಮ್ಮ ಹಿರಿಯರ ಹೆಸರಿಡಬೇಕೆಂಬ ಬೇಡಿಕೆ ಎಲ್ಲ ಸಮಾಜಗಳಲ್ಲೂ ಇದೆ. ಭಗವಾನ್ ಮಹಾವೀರರ ಹೆಸರಿಡಲು ಮನವಿ ಕೊಡೋಣ ಎನ್ನುವವರು ನಮ್ಮಲ್ಲೂ ಇದ್ದಾರೆ. ಅಂಥವರಿಗಾಗಿ ಈ ಮಾಹಿತಿ.

ಹಿಂದಿನ ಬದಲಾವಣೆಗಳು: ಬೆಂಗಳೂರು ದಂಡಿನ ಸೌತ್ ಪರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಗಾಂಧೀಜಿ ಹತರಾದ ವರ್ಷವದು. ಜನ ಮನಸಾರೆ ಒಪ್ಪಿದರು. ಆದರೆ ಕಬ್ಬನ್ ಪಾರ್ಕಿಗೆ 1927ರಲ್ಲೇ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟರೂ ಬಾಯಲ್ಲಿ ಉಳಿದದ್ದು ಹಳೆಯ ಹೆಸರೇ. ದೆಹಲಿಯಲ್ಲಿ ಬ್ರಿಟಿಷರ ಕಿಂಗ್ಸ್‌ವೇ ಸ್ವಾತಂತ್ರ್ಯಾನಂತರ ರಾಜಪಥವಾಯಿತು, 2022ರಲ್ಲಿ ಕರ್ತವ್ಯ ಪಥವಾಯಿತು. ದೇಶ ತನ್ನನ್ನು ಹೇಗೆ ಕಾಣಬೇಕೆಂಬ ವಿಚಾರ ಬದಲಾದಂತೆ ಫಲಕವೂ ಬದಲಾಗುತ್ತದೆ.

ಊರು, ರಾಜ್ಯ: 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. 2014ರ ನವೆಂಬರ್ 1ರಂದು 12 ನಗರಗಳ ಹೆಸರು ಬದಲಾಯಿತು. ಬೆಂಗಳೂರು, ಮೈಸೂರಿನಂಥ ಕಡೆ ಬದಲಾದದ್ದು ಇಂಗ್ಲಿಷ್ ಬರಹ ಮಾತ್ರ; ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು.

ನಮ್ಮ ಹತ್ತಿರ: ದಾವಣಗೆರೆಯ ಪಿ.ಬಿ. ರಸ್ತೆ ಎಂದರೆ ಪೂನಾ–ಬೆಂಗಳೂರು ರಸ್ತೆ. ಪೂನಾ ಪುಣೆಯಾಗಿ ಎಷ್ಟೋ ವರ್ಷವಾಯಿತು. ಅಂಗಡಿ ಬೋರ್ಡಿನಲ್ಲಿ, ಬಿಲ್ಲಿನಲ್ಲಿ, ಆಟೋದವರ ಬಾಯಲ್ಲಿ ಇನ್ನೂ ಪಿ.ಬಿ. ರಸ್ತೆಯೇ.

ಅಧಿಕಾರ ಯಾರದು: ರಸ್ತೆಯ ಹೆಸರಿನ ಮನವಿ ಸ್ಥಳೀಯ ಪುರಸಭೆ, ನಗರಸಭೆ ಅಥವಾ ಪಾಲಿಕೆಗೆ ಹೋಗುತ್ತದೆ. ಊರಿನ ಹೆಸರಿಗೆ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕು. ರಾಜ್ಯದ ಹೆಸರನ್ನು ಸಂಸತ್ತೇ ಬದಲಿಸಬೇಕು.

ಆಕ್ಷೇಪಣೆ: 2024ರ ಕೊನೆಯಲ್ಲಿ ಮೈಸೂರಿನ ಕೆ.ಆರ್.ಎಸ್. ರಸ್ತೆಯ ಒಂದು ಭಾಗಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹೆಸರಿಡುವ ಪ್ರಸ್ತಾವ ಬಂದಾಗ ಪಾಲಿಕೆ ಸಾರ್ವಜನಿಕರ ಆಕ್ಷೇಪಣೆ ಕೇಳಿತು. ಅದು ರಾಜಕುಮಾರಿ ಕೃಷ್ಣಾಜಮ್ಮಣ್ಣಿ ನೆನಪಿನ ಪ್ರಿನ್ಸೆಸ್ ರಸ್ತೆ ಎಂದು ಹಲವರು ವಿರೋಧಿಸಿದರು. ಹೆಸರು ತೆಗೆಯುವಾಗ ಇನ್ನೊಬ್ಬರ ನೆನಪನ್ನೂ ತೆಗೆಯುತ್ತೇವೆ ಎಂಬುದು ಆಗ ಎಲ್ಲರಿಗೂ ಕಂಡಿತು.

ವ್ಯಾಪಾರಸ್ಥರ ಕಷ್ಟ: ಹೆಸರು ಬದಲಾದರೆ ಜಿಎಸ್‌ಟಿ ನೋಂದಣಿ, ಬ್ಯಾಂಕು, ಲೈಸೆನ್ಸು, ಎಲ್ಲ ಕಡೆಯ ವಿಳಾಸ ತಿದ್ದಿಸಲು ಓಡಾಡಬೇಕು.

ನಮ್ಮ ಸಲಹೆ: ಇರುವ ಹೆಸರನ್ನು ಅಳಿಸಲು ಕೇಳಬೇಡಿ. ಮಲೆಬೆನ್ನೂರಿನಂಥ ಊರುಗಳ ಹೊಸ ಬಡಾವಣೆಗಳಲ್ಲಿ ಬರೀ ಮೊದಲನೇ ಮೇನ್, ಎರಡನೇ ಕ್ರಾಸ್ ಎಂದಿರುವ ರಸ್ತೆಗಳಿವೆ. ಅಲ್ಲಿಯ ನಿವಾಸಿಗಳನ್ನು, ಬೇರೆ ಸಮಾಜದವರನ್ನೂ ಕೂರಿಸಿಕೊಂಡು ಮಾತಾಡಿ, ಅವರ ಸಹಿಯೊಂದಿಗೆ ಮನವಿ ಕೊಡಿ. ಯಾರಿಗೂ ನೋವಾಗದಂತೆ ಇಟ್ಟ ಹೆಸರನ್ನು ಜನ ಬಾಯಿ ತುಂಬ ಕರೆಯುತ್ತಾರೆ.