ದೇವನಹಳ್ಳಿಯಿಂದ ವರ್ಸೇಲ್ಸ್‌ವರೆಗೆ: ಮೈಸೂರಿನ ವಿದೇಶ ವ್ಯವಹಾರ

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಬೆಂಬಲ ಹುಡುಕುತ್ತ 1786ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೂ ಮರುವರ್ಷ ಫ್ರಾನ್ಸಿಗೂ ರಾಯಭಾರಗಳನ್ನು, ಅಂದರೆ ಅರಸನ ಪರವಾಗಿ ಮಾತನಾಡುವ ಅಧಿಕಾರವುಳ್ಳ ನಿಯೋಗಗಳನ್ನು, ಕಳುಹಿಸಿದನು. 1788ರಲ್ಲಿ ಹದಿನಾರನೆಯ ಲೂಯಿಯು ಮೈಸೂರಿನ ಮೂವರು ರಾಯಭಾರಿಗಳನ್ನು ವರ್ಸೇಲ್ಸ್ ಅರಮನೆಯಲ್ಲಿ ವೈಭವದಿಂದ ಬರಮಾಡಿಕೊಂಡರೂ ಸೈನಿಕ ಮೈತ್ರಿಗೆ ಒಪ್ಪಲಿಲ್ಲ.

1798ರಲ್ಲಿ, ಸೈನಿಕ ನೆರವಿಗಾಗಿ ಟಿಪ್ಪು ಫ್ರೆಂಚರೊಡನೆ ನಡೆಸಿದ್ದ, ಗುಟ್ಟಾಗಿ ಉಳಿಯಬೇಕಿದ್ದ ಮಾತುಕತೆಯನ್ನು ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಬಹಿರಂಗ ಘೋಷಣೆಯಾಗಿ ಹೊರಡಿಸಿದ್ದರಿಂದ ದೊಡ್ಡ ವಿವಾದವೆದ್ದು, ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ನೆಪ ದೊರೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಕಂಪನಿಯ ರಕ್ಷಣಾ ಸೈನ್ಯದ ವೆಚ್ಚವನ್ನು ಸಂಸ್ಥಾನವೇ ಭರಿಸಬೇಕೆನ್ನುವ ಸಹಾಯಕ ಸೈನ್ಯದ ಒಪ್ಪಂದವು, ಕಂಪನಿಗೆ ತಿಳಿಯದಂತೆ ಪರರಾಜ್ಯಗಳೊಡನೆ ಪತ್ರವ್ಯವಹಾರ ನಡೆಸುವುದನ್ನೂ ನಿಷೇಧಿಸಿತು. ಹೊರಜಗತ್ತಿನೊಡನೆ ಸ್ವಂತ ದನಿಯಲ್ಲಿ ಮಾತನಾಡುವ ಹಕ್ಕು ಸ್ವಾತಂತ್ರ್ಯದ ಜೀವಾಳವೆಂಬುದನ್ನು ಮೈಸೂರು ಅಂದು ದುಬಾರಿ ಬೆಲೆ ತೆತ್ತು ಅರಿಯಿತು.