ಆಸ್ಪರ್ಟೇಮ್: ಪುರಾವೆಯ ಬಲ ಮತ್ತು ಪ್ರಮಾಣದ ಲೆಕ್ಕ

ಡಯಟ್ ಪಾನೀಯಗಳಲ್ಲಿ ಬಳಸುವ ಕೃತಕ ಸಿಹಿಕಾರಕ ಆಸ್ಪರ್ಟೇಮ್ ಕುರಿತು 2023ರ ಜುಲೈ 14ರಂದು ಎರಡು ತೀರ್ಮಾನಗಳು ಒಟ್ಟಿಗೆ ಹೊರಬಿದ್ದವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕ ಆಗಿರಬಹುದಾದ ವಸ್ತುಗಳ 2ಬಿ ಗುಂಪಿಗೆ ಸೇರಿಸಿತು. ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯಾದರೋ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿತು. ಇವೆರಡೂ ಪರಸ್ಪರ ವಿರುದ್ಧ ಎಂಬ ಪತ್ರಿಕಾ ಓದು ಸರಿಯಲ್ಲ. ಮೊದಲ ಸಂಸ್ಥೆ ಅಳೆಯುವುದು ಪುರಾವೆಯ ಬಲವನ್ನು. ಎಷ್ಟು ಸೇವಿಸಿದರೆ ಹಾನಿ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಲೋಳೆಸರದ ಇಡೀ ಎಲೆಯ ಸಾರವೂ ಅದೇ 2ಬಿ ಗುಂಪಿನಲ್ಲಿದೆ.

ಸ್ಯಾಕರಿನ್ ಎಂಬ ಇನ್ನೊಂದು ಕೃತಕ ಸಿಹಿಕಾರಕದ ಚರಿತ್ರೆ ಇಲ್ಲಿ ನೆನೆಯಬೇಕಾದದ್ದು. ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡಿತೆಂದು 1977ರಲ್ಲಿ ಅಮೆರಿಕ ಅದರ ನಿಷೇಧಕ್ಕೆ ಮುಂದಾಯಿತು. ಸಂಸತ್ತು ನಿಷೇಧವನ್ನು ತಡೆದು ಎಚ್ಚರಿಕೆಯ ಲೇಬಲ್ ಅಂಟಿಸಿತು. ಆಮೇಲೆ ತಿಳಿದದ್ದು: ಅತಿ ಹೆಚ್ಚು ಸ್ಯಾಕರಿನ್ ತಿಂದ ಇಲಿಯ ಮೂತ್ರದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಒತ್ತರಿಸಿ ಮೂತ್ರಕೋಶದ ಒಳಪೊರೆಯನ್ನು ಕೆರಳಿಸುತ್ತದೆ, ಮನುಷ್ಯರ ಮೂತ್ರದ ರಚನೆ ಬೇರೆ. ಲೇಬಲ್ 2000ದಲ್ಲಿ ಕಳಚಿತು. ಪ್ರಾಣಿಪ್ರಯೋಗ ಸುಳ್ಳಾಗಿರಲಿಲ್ಲ, ಅದರ ಅನ್ವಯ ತಪ್ಪಾಗಿತ್ತು.

ಮಾನವ ಅಧ್ಯಯನಗಳ ತೊಡಕು ಬೇರೆಯದು. ಒಂದು ಲಕ್ಷಕ್ಕೂ ಹೆಚ್ಚು ಫ್ರೆಂಚ್ ವಯಸ್ಕರ ಮೇಲಿನ 2022ರ ಅಧ್ಯಯನ, ಕೃತಕ ಸಿಹಿ ಹೆಚ್ಚು ಬಳಸುವವರಲ್ಲಿ ಕ್ಯಾನ್ಸರ್ ತುಸು ಹೆಚ್ಚೆಂದು ಕಂಡಿತು. ಆದರೆ ತೂಕ ಏರಿದವರೇ ಡಯಟ್ ಪಾನೀಯದತ್ತ ಹೊರಳುವುದು ಸಾಮಾನ್ಯ. ಕಾರಣವೂ ಪರಿಣಾಮವೂ ಅಲ್ಲಿ ಹೆಣೆದುಕೊಂಡಿವೆ. ತೂಕ ಇಳಿಸಲು ಕೃತಕ ಸಿಹಿಕಾರಕಗಳನ್ನು ಬಳಸಬೇಡಿ ಎಂದ 2023ರ ಮೇ ತಿಂಗಳ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ ಕಾರಣಕ್ಕೆ ಷರತ್ತುಬದ್ಧ. ಅದು ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಅನ್ವಯಿಸುವುದೂ ಇಲ್ಲ.

ನನ್ನ ಆಕ್ಷೇಪ ಪ್ರಮಾಣದ ಲೆಕ್ಕದ ಮೇಲೆ. ಒಂದು ಕ್ಯಾನಿನಲ್ಲಿ 200ರಿಂದ 300 ಮಿಲಿಗ್ರಾಂ ಆಸ್ಪರ್ಟೇಮ್ ಇದ್ದರೆ, 70 ಕಿಲೋ ತೂಕದವರು ಮಿತಿ ದಾಟಲು ದಿನಕ್ಕೆ 9ರಿಂದ 14 ಕ್ಯಾನ್‌ಗಿಂತ ಹೆಚ್ಚು ಕುಡಿಯಬೇಕು. ಅನೇಕ ವರದಿಗಳಲ್ಲಿ ಕಾಣುವುದು ಈ ನೆಮ್ಮದಿಯ ಉದಾಹರಣೆಯೇ. ಅದೇ ಸೂತ್ರವನ್ನು 20 ಕಿಲೋ ತೂಕದ ಮಗುವಿಗೆ ಹಾಕಿದರೆ ಮಿತಿ 800 ಮಿಲಿಗ್ರಾಂ, ಅಂದರೆ ಮೂರು-ನಾಲ್ಕು ಕ್ಯಾನ್. ಮಿತಿಯೊಳಗೆ ಸುರಕ್ಷತೆಯ ಅಂತರ ಸೇರಿದೆ ನಿಜ, ಒಂದು ದಿನ ದಾಟಿದರೆ ಅನಾಹುತವಿಲ್ಲ. ಆದರೂ ವಯಸ್ಕರ ಅಂಕಿಯನ್ನು ಮನೆಮಂದಿಗೆಲ್ಲ ಅಳತೆಯಾಗಿಸುವುದು ಒಪ್ಪತಕ್ಕದ್ದಲ್ಲ. ಫಿನೈಲ್‌ಕೀಟೋನ್ಯೂರಿಯಾ ಎಂಬ ಆನುವಂಶಿಕ ಚಯಾಪಚಯ ಕಾಯಿಲೆ ಇರುವವರಿಗಂತೂ ಈ ಮಿತಿ ಅನ್ವಯಿಸದು.

ಅಮೆರಿಕದ ಲೇಬಲ್ ನಿಯಮದಲ್ಲಿ ಆಸ್ಪರ್ಟೇಮ್‌ನ ಹೆಸರು ಕಡ್ಡಾಯ, ಪ್ರಮಾಣವಲ್ಲ. ಮಿತಿಯನ್ನು ಮಿಲಿಗ್ರಾಂನಲ್ಲಿ ಹೇಳುವ ನಿಯಂತ್ರಕರು ಕ್ಯಾನಿನ ಮೇಲೂ ಮಿಲಿಗ್ರಾಂ ಮುದ್ರಿಸುವಂತೆ ಮಾಡಬೇಕು.