ರಬ್ಬರು ತೋಟಕ್ಕೆ ಬಂದವರು

ಪುತ್ತೂರಿನಿಂದ ಸುಳ್ಯಕ್ಕೆ, ಅಲ್ಲಿಂದ ಸುಬ್ರಹ್ಮಣ್ಯ, ಕಡಬಗಳ ಕಡೆಗೆ ಪಯಣಿಸಿದವರು ರಬ್ಬರು ಮರಗಳ ಸಾಲನ್ನು ಕಂಡೇ ಇರುತ್ತೀರಿ. ಮರದ ಮೈಮೇಲೆ ಓರೆಯಾದೊಂದು ಗೀರು; ಅದರ ಕೆಳಗೊಂದು ಗೆರಟೆ. ಆ ಗೀರನ್ನೆಳೆದ ಕೈ ಯಾರದೆಂದು ವಿಚಾರಿಸಿದರೆ, ಕಥೆ ಕಡಲು ದಾಟಿ ಸಿಂಹಳಕ್ಕೆ ಹೋಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ತೋಟದ ಒಡೆಯರು ಮೊದಲು ಕಾಫಿಗೆ, ಕಾಫಿಯು ಎಲೆರೋಗದಿಂದ ಹಾಳಾದ ಮೇಲೆ ಚಹಕ್ಕೆ, ತಮಿಳು ಸೀಮೆಯ ಬಡ ಕೂಲಿಕಾರರನ್ನು ಅಲ್ಲಿಗೆ ಕರೆದೊಯ್ದರು. ತಲೆಮಾರುಗಳು ಕಳೆದವು. 1948ರಲ್ಲಿ ಸಿಲೋನು ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯಿದೆಯಿಂದಾಗಿ ಇವರಲ್ಲಿ ಬಹುಮಂದಿ ಯಾವ ದೇಶದ ಪ್ರಜೆಗಳೂ ಅಲ್ಲದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಒಪ್ಪಂದ ಮಾಡಿಕೊಂಡರು. ಸುಮಾರು 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ ಎಂದಾಯಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಸಮಪಾಲು ಮಾಡಿದರು. ಲೆಕ್ಕವೇನೋ ಸರಿಹೋಯಿತು, ಬದುಕು ಸರಿಹೋಗಬೇಕಲ್ಲ!

ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು ಸೀಮೆಯ ಸರಕಾರಿ ರಬ್ಬರು ತೋಟಗಳು ಆಸರೆಯಾದವು. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮವು ಅವರಿಗೆ ಕೆಲಸವನ್ನೂ ವಾಸಕ್ಕೆ ಮನೆಯನ್ನೂ ಕೊಟ್ಟಿತು. ಕೆಲಸ ಸುಲಭದ್ದಲ್ಲ. ಬಿಸಿಲೇರಿದರೆ ಹಾಲಿನ ಹರಿವು ಕುಗ್ಗುತ್ತದೆ. ಆದುದರಿಂದ ನಸುಕಿನಲ್ಲೇ ಮರದ ಬುಡದಲ್ಲಿರಬೇಕು. ಕತ್ತಿ ಆಳಕ್ಕಿಳಿದರೆ ಮರಕ್ಕೆ ಗಾಯ, ಮೇಲೆಮೇಲೆ ಸವರಿದರೆ ಹಾಲಿಲ್ಲ. ಈ ಹದವನ್ನು ಗಂಡಸರಂತೆಯೇ ಹೆಂಗಸರೂ ಸಾಧಿಸಿದರು.

ಕೆಲಸ ದೊರೆತರೆ ಊರು ದೊರೆತಂತಾಯಿತೇ? ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮೂರನ್ನೂ ಮಕ್ಕಳು ಕಲಿತರು. ಆದರೂ ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿಗಳಿಗೆ ಬಹುಕಾಲ ಅಲೆಯಬೇಕಾಯಿತು. ತೋಟದ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಮುಗಿದ ಮುಪ್ಪಿನಲ್ಲಿ ಸ್ವಂತ ಸೂರು ಎಲ್ಲಿ ಎಂಬ ಚಿಂತೆ ಅದರೊಡನೆಯೇ ಬಂತು.

ಇಷ್ಟಾದರೂ ನಮ್ಮ ಆಡುಮಾತಿನಲ್ಲಿ ಅವರಿಗೆ 'ಸಿಲೋನಿನವರು' ಎಂಬ ಹೆಸರು ಅಂಟಿಕೊಂಡಿತು. ಇಲ್ಲೇ ಹುಟ್ಟಿ, ಇಲ್ಲೇ ಓದಿ, ಇಲ್ಲೇ ದುಡಿಯುವ ಮೊಮ್ಮಗನನ್ನೂ ಹಾಗೆಯೇ ಕರೆಯಬೇಕೇ? ಪೌರತ್ವದ ಕಾಗದವನ್ನು ಸರಕಾರ ಕೊಟ್ಟೀತು. ಊರಿನವನೆಂಬ ಹೆಸರನ್ನು ಕೊಡಬೇಕಾದವರು ನೆರೆಹೊರೆಯ ನಾವು ನೀವೇ.